ಹಾದಿಯಲ್ಲಿ ಗಾಯಗೊಂಡ ಹಾವು ಕಂಡರೆ

ಚಿಕ್ಕಬಳ್ಳಾಪುರದ ನಂದಿ ಮತ್ತು ಸ್ಕಂದಗಿರಿ, ಚಿಂತಾಮಣಿಯ ಕೈವಾರ ಮತ್ತು ಅಂಬಾಜಿದುರ್ಗ, ಗೌರಿಬಿದನೂರು ಹಾಗೂ ಶಿಡ್ಲಘಟ್ಟದ ಸುತ್ತಲಿನ ಕಲ್ಲುಗುಡ್ಡಗಳು ಹಾವುಗಳಿಗೆ ಸಹಜವಾದ ನೆಲೆ. ಈ ಬೆಟ್ಟಗಳ ಕಾಲುದಾರಿಗಳು ಹೊಲ, ತೋಟ, ಗೋಮಾಳಗಳ ಅಂಚಿನಿಂದಲೇ ಏರುತ್ತವೆ. ದನ ಮೇಯಿಸುವವರೂ ಸೌದೆ ತರುವವರೂ ನಡೆಯುವ ಈ ದಾರಿಗಳಲ್ಲಿ ಈಗ ಪಟ್ಟಣದ ಚಾರಣಿಗರೂ ನಡೆಯುತ್ತಾರೆ. ಹಾವು ಕಂಡೊಡನೆ ಕಲ್ಲು ಎತ್ತುವುದು ಹೆಚ್ಚಿನವರ ವಾಡಿಕೆ. ಆದರೆ ಅರ್ಧ ಹೊಡೆದು ಬಿಟ್ಟ ಹಾವು ದೂರ ಹೋಗಲಾರದೆ ದಾರಿಯ ಪಕ್ಕದ ಪೊದೆಯಲ್ಲಿ ಉಳಿಯುತ್ತದೆ. ಹೊಡೆದವನು ಮುಂದೆ ಹೋಗುತ್ತಾನೆ. ಅಪಾಯ ಹಿಂದೆ ಬರುವವನಿಗೆ.

ಪೆಟ್ಟು ಬೀಳುವ ಬಗೆ

ಹಾವುಗಳಿಗೆ ಹಾನಿಯಾಗುವುದು ಕಲ್ಲು, ದೊಣ್ಣೆಗಳಿಂದ ಮಾತ್ರವಲ್ಲ. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಹಚ್ಚಿದ ಬೆಂಕಿ, ವಾಹನದ ಚಕ್ರ ಮತ್ತು ನೈಲಾನ್ ಬಲೆಗಳೂ ಕಾರಣ. ದ್ರಾಕ್ಷಿ ತೋಟಗಳಲ್ಲಿ ಹಕ್ಕಿ ತಡೆಯಲು ಕಟ್ಟಿದ ಬಲೆಯ ಅಂಚು ನೆಲಕ್ಕೆ ಜೋತುಬಿದ್ದಿದ್ದರೆ ಇಲಿ ಹುಡುಕುತ್ತ ಬಂದ ಕೇರೆ ಹಾವು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಾವಿನ ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದ ಅದು ಹಿಂದೆ ಸರಿಯಲಾರದು. ಮುಂದೆ ನುಗ್ಗಿದಷ್ಟೂ ನೂಲು ಮೈಯನ್ನು ಕೊಯ್ಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಭಕ್ತರು ಸ್ಥಾಪಿಸಿದ ನಾಗರಕಲ್ಲುಗಳು ಲೆಕ್ಕವಿಲ್ಲದಷ್ಟಿವೆ. ನಾಗರ ಹಾವನ್ನು ಹೊಡೆಯಲು ಹಿಂಜರಿಯುವವರು ಸಹ ವಿಷವೇ ಇಲ್ಲದ ಕೇರೆಯನ್ನು ಬಿಡುವುದಿಲ್ಲ. ಮಣ್ಣುಮುಕ್ಕ ಹಾವಿನ ಮೊಂಡು ಬಾಲವನ್ನು ಎರಡನೆಯ ತಲೆಯೆಂದು ನಂಬಿಸಿ, ಅದರಿಂದ ಐಶ್ವರ್ಯ ಬರುವುದೆಂದು ಹೇಳಿ ಮಾರುವವರೂ ಉಂಟು. ಇದು ಬರೀ ಮೋಸ.

ರೈತನಿಗೆ ಆಗುವ ನಷ್ಟ

ರಾಗಿ, ನೆಲಗಡಲೆ, ಮುಸುಕಿನ ಜೋಳದ ಹೊಲಗಳಲ್ಲಿ ಇಲಿ, ಹೆಗ್ಗಣಗಳು ತೆನೆ ಕಡಿದು ಬಿಲಕ್ಕೆ ಸಾಗಿಸುತ್ತವೆ. ರೇಷ್ಮೆ ಸಾಕಾಣಿಕೆ ಮನೆಗೆ ನುಗ್ಗಿದ ಇಲಿ ಹುಳುಗಳನ್ನೇ ತಿನ್ನುತ್ತದೆ. ಬಿಲದೊಳಕ್ಕೆ ಹೊಕ್ಕು ಮರಿಗಳ ಸಮೇತ ಇಲಿಯನ್ನು ಹಿಡಿಯಬಲ್ಲ ಪ್ರಾಣಿಗಳಲ್ಲಿ ಹಾವು ಮುಖ್ಯವಾದುದು. ಹಿಂದೆ ಚರ್ಮಕ್ಕಾಗಿ ಹಾವುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, 1976ರಲ್ಲಿ ಹಾವಿನ ಚರ್ಮದ ರಫ್ತನ್ನೂ ನಿಷೇಧಿಸಲಾಯಿತು. ನಾಗರ, ಕೇರೆ, ಕೊಳಕು ಮಂಡಲ, ಹೆಬ್ಬಾವು ಮುಂತಾದವುಗಳನ್ನು ಕೊಲ್ಲುವುದು, ಹಿಡಿಯುವುದು, ಮಾರುವುದು ಈ ಕಾಯಿದೆಯಂತೆ ಅಪರಾಧ.

ಗಾಯಗೊಂಡ ಹಾವಿನ ಗುರುತು

ಆರೋಗ್ಯವಾದ ಹಾವು ಕಾಲ ಸಪ್ಪಳದ ಕಂಪನ ತಿಳಿದೊಡನೆ ಸಾಮಾನ್ಯವಾಗಿ ಸರಿದುಹೋಗುತ್ತದೆ. ಬಯಲಲ್ಲಿ ಬಿದ್ದು ಕದಲದಿರುವುದು, ನಡುವಿನಿಂದ ಹಿಂಭಾಗವನ್ನು ಎಳೆದುಕೊಂಡು ಹೋಗುವುದು, ದವಡೆ ಸೊಟ್ಟಗಿರುವುದು, ಮೈಗೆ ನೊಣ ಮುತ್ತಿರುವುದು ಗಾಯದ ಲಕ್ಷಣಗಳು. ಕಣ್ಣು ಹಾಲಿನಂತೆ ಮಬ್ಬಾಗಿದ್ದರೆ ಅದು ಗಾಯವಲ್ಲ, ಪೊರೆ ಬಿಡುವ ಸಮಯ. ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣದು, ಬೇಗ ಕೆರಳುತ್ತದೆ. ಕೊಳಕು ಮಂಡಲ, ಗರಗಸ ಮಂಡಲಗಳು ಗಾಯವಿಲ್ಲದಿದ್ದರೂ ಸರಿಯದೆ ಸುತ್ತಿಕೊಂಡು ಮಲಗಿರುವುದುಂಟು. ಆದ್ದರಿಂದ ಕದಲದ ಹಾವು ಸತ್ತಿದೆಯೆಂದು ಮುಟ್ಟಬಾರದು. ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಮಾಡಬೇಕಾದುದು

1. ಹತ್ತು ಹೆಜ್ಜೆ ದೂರ ನಿಲ್ಲಬೇಕು. ಮಕ್ಕಳು, ನಾಯಿ, ದನಗಳನ್ನು ಹಿಂದಕ್ಕೆ ಕಳುಹಿಸಬೇಕು. ಕೋಲಿನಿಂದ ಕೆಣಕಬಾರದು.
2. ಒಬ್ಬರು ದೂರದಿಂದಲೇ ಅದರ ಮೇಲೆ ಕಣ್ಣಿಟ್ಟಿರಲಿ. ಇನ್ನೊಬ್ಬರು ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಲಿ.
3. ಗಾಯಕ್ಕೆ ಅರಿಶಿನ, ಸೀಮೆಎಣ್ಣೆ ಹಾಕಬಾರದು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಬಾಯಿಗೆ ಹಾಲು ಸುರಿದರೆ ಉಸಿರುನಾಳಕ್ಕೆ ಹೋಗಿ ಸಾಯಬಹುದು.
4. ಬಲೆಗೆ ಸಿಕ್ಕ ಹಾವನ್ನು ಎಳೆಯಬಾರದು. ತರಬೇತಿ ಪಡೆದವರು ಬರುವವರೆಗೆ ಬಿಸಿಲು ತಾಗದಂತೆ ದೂರದಿಂದ ನೆರಳು ಮಾಡಿದರೆ ಸಾಕು.
5. ಬಲೆಯ ಕೆಳ ಅಂಚನ್ನು ನೆಲದಿಂದ ಮೇಲೆ ಬಿಗಿಯಾಗಿ ಕಟ್ಟಿ, ದಿನವೂ ಬೆಳಗ್ಗೆ ನೋಡಬೇಕು. ಕೊಯ್ಲಾದೊಡನೆ ಬಿಚ್ಚಿಡಬೇಕು. ಹರಿದ ಬಲೆಯನ್ನು ಬದುವಿನಲ್ಲಾಗಲಿ ದಾರಿಯಲ್ಲಾಗಲಿ ಎಸೆಯಬಾರದು.

ಹಾವು ಕಡಿದರೆ

ಕಡಿದ ಹಾವನ್ನು ಕೊಂದು ಆಸ್ಪತ್ರೆಗೆ ತರಬೇಕೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಇದರಿಂದ ಹೊತ್ತು ಹಾಳಾಗುವುದಲ್ಲದೆ ಎರಡನೆಯವರಿಗೂ ಕಡಿತವಾಗಬಹುದು. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ. ವೈದ್ಯರು ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ.

ಕಡಿತಕ್ಕೊಳಗಾದವರನ್ನು ನಡೆಸಬಾರದು. ಉಂಗುರ, ಬಳೆ, ಕಾಲುಂಗುರ ತೆಗೆದು, ಕೈ ಅಥವಾ ಕಾಲು ಅಲುಗಾಡದಂತೆ ದಬ್ಬೆ ಕಟ್ಟಿ, 108 ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಕೂಡದು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನಾಟಿ ಔಷಧಿಗೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಬಂದರೆ ಮಾತ್ರ ಇದರ ಪ್ರಯೋಜನವಾದೀತು.

ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ವಲಯ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಪ್ರತಿವಿಷ ದೊರೆಯುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ ಪಂಚಾಯಿತಿ ಕಚೇರಿ, ಹಾಲಿನ ಡೇರಿ ಮತ್ತು ಬೆಟ್ಟದ ದಾರಿ ಆರಂಭವಾಗುವ ಕಡೆ ದಪ್ಪ ಅಕ್ಷರಗಳಲ್ಲಿ ಬರೆಯಿಸಬೇಕು. ಕತ್ತಲಲ್ಲಿ ನೀರು ಕಟ್ಟಲು ಹೋಗುವ ರೈತರು ಟಾರ್ಚು, ಕೋಲು, ಗಟ್ಟಿ ಪಾದರಕ್ಷೆಗಳನ್ನು ಮರೆಯಬಾರದು. ಕೋಲು ಇರುವುದು ನೆಲ ತಟ್ಟಿ ನಡೆಯಲಿಕ್ಕೆ. ಹಾವನ್ನು ಹೊಡೆಯಲಿಕ್ಕೆ ಅಲ್ಲ.