"ಇಂಥವರ ಹೊಲದಲ್ಲಿರುವ ಕಲ್ಲು": ಅಲ್ಲಾಳಸಂದ್ರದಂಥ ಊರಲ್ಲಿ ಹಿರಿಯರ ಮಾತನ್ನು ಯಾಕೆ, ಹೇಗೆ ದಾಖಲಿಸಬೇಕು

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯದು, ಅಚ್ಚಾಗಿದ್ದು 1905ರಲ್ಲಿ. ಅದರಲ್ಲಿ ಶಾಸನ ಎಲ್ಲಿದೆ ಅಂತ ಹೇಳುವ ಸಾಲನ್ನು ಗಮನಿಸಿ: ಊರ ಮುಂದಿನ ಗುಡಿಯ ಹತ್ತಿರ, ಕೆರೆ ತೂಬಿನ ಬಳಿ, ಪಟೇಲರ ಹೊಲದಲ್ಲಿ. ಆ ಕಾಲಕ್ಕೆ ಅಷ್ಟು ಸಾಕಿತ್ತು. ಊರಿಗೆ ಹೋಗಿ ಯಾರನ್ನು ಕೇಳಿದರೂ ತೋರಿಸ್ತಿದ್ದರು. ಇವತ್ತು ಆ ಹೊಲದ ಮೇಲೆ ಅಪಾರ್ಟ್‌ಮೆಂಟ್ ಇದೆ, ಆ ಪಟೇಲರು ಯಾರೆಂದು ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಶಾಸನದ ಪಾಠ ಪುಸ್ತಕದಲ್ಲಿ ಭದ್ರವಾಗಿದೆ, ಕಲ್ಲಿನ ವಿಳಾಸ ಮಾತ್ರ ಎಂಬತ್ತು ದಾಟಿದ ಕೆಲವರ ತಲೆಯಲ್ಲಿದೆ.

ಯಲಹಂಕಕ್ಕೆ ಅಂಟಿಕೊಂಡ ಅಲ್ಲಾಳಸಂದ್ರವನ್ನೇ ತಗೊಳ್ಳಿ. ಹೆಸರೇ ಅರ್ಧ ಕಥೆ ಹೇಳುತ್ತೆ. 'ಸಂದ್ರ' ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಸಿಂಗಸಂದ್ರ, ಬೊಮ್ಮಸಂದ್ರಗಳಲ್ಲಿ ಇರುವುದೂ ಇದೇ. ಕಂಚಿಯ ವರದರಾಜನಿಗೆ ತಮಿಳಿನಲ್ಲಿ ಅರುಳಾಳ ಎಂಬ ಹೆಸರುಂಟು, ಕನ್ನಡದಲ್ಲಿ ಅದು ಅಲ್ಲಾಳನಾಥ. ಆ ದೇವರ ಹೆಸರಿನ ಕೆರೆಯೋ, ಆ ಹೆಸರಿಟ್ಟುಕೊಂಡ ಮನುಷ್ಯ ಕಟ್ಟಿಸಿದ ಕೆರೆಯೋ ಎಂಬುದನ್ನು ಹೆಸರೊಂದೇ ತೀರ್ಮಾನಿಸಲ್ಲ. ಅಂತೂ ಊರು ಹುಟ್ಟಿದ್ದು ಕೆರೆಯಿಂದ. ಆಮೇಲೆ ಆಗಿದ್ದು ನಿಮಗೆ ಗೊತ್ತೇ ಇದೆ. 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಬಂತು, 2007ರಲ್ಲಿ ಯಲಹಂಕ ಬಿಬಿಎಂಪಿಗೆ ಸೇರಿತು, 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯ್ತು. ರಾಗಿ ಹೊಲ ಸೈಟಾಗೋಕೆ ಒಂದು ತಲೆಮಾರು ಸಾಕಾಯ್ತು.

ಇಲ್ಲೊಂದು ತಕರಾರು ಬರುತ್ತೆ: ಬಾಯಿಮಾತನ್ನು ನಂಬೋದು ಹೇಗೆ? ನ್ಯಾಯವಾದ ಪ್ರಶ್ನೆ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಿದ್ದಕ್ಕೆ ಬೆಂಗಳೂರು ಹೆಸರು ಬಂತು ಅಂತ ಎಲ್ಲರೂ ಹೇಳ್ತಾರೆ. ಆದರೆ ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರು ವೀರಗಲ್ಲಿನಲ್ಲೇ 'ಬೆಂಗಳೂರು' ಇದೆ. ಹಾಗಾಗಿ ಇಸವಿಗಾಗಿ, ರಾಜನ ಹೆಸರಿಗಾಗಿ ಹಿರಿಯರ ಹತ್ತಿರ ಹೋಗಬೇಡಿ. ಅದನ್ನು ಕಲ್ಲೇ ಹೇಳುತ್ತೆ. ಕಲ್ಲು ಹೇಳದೆ ಇರುವುದಕ್ಕೆ ಹೋಗಿ.

ಉದಾಹರಣೆಗೆ ಅಳತೆ. ದಾನಶಾಸನದಲ್ಲಿ ಗದ್ದೆ ಇಷ್ಟು ಖಂಡುಗ, ಬೆದ್ದಲು ಇಷ್ಟು ಖಂಡುಗ ಅಂತಿರುತ್ತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಅದು ಧಾನ್ಯದ ಅಳತೆ. ಅಷ್ಟು ಬೀಜ ಬೀಳುವ ನೆಲಕ್ಕೂ ಅದೇ ಹೆಸರು. ಭತ್ತದ ಖಂಡುಗಕ್ಕಿಂತ ರಾಗಿಯ ಖಂಡುಗ ಬಹಳ ದೊಡ್ಡ ಜಾಗ, ಯಾಕಂದ್ರೆ ರಾಗಿ ಸಣ್ಣ ಕಾಳು, ದೂರ ಹರಡುತ್ತೆ. ಇದನ್ನು ಕೈಯಾರೆ ಬಿತ್ತಿದ ರೈತ ಎರಡು ಮಾತಲ್ಲಿ ಹೇಳಿಬಿಡ್ತಾನೆ. ಎಲ್ಲೆಯೂ ಹಾಗೆ. ಶಾಸನದ ಮೂಡಲು, ತೆಂಕಲು, ಪಡುವಲು, ಬಡಗಲು ಹಳಬರ ಬಾಯಲ್ಲಿ ಇನ್ನೂ ಇವೆ. ಕೋಡಿ ಬಿದ್ದರೆ ನೀರು ಯಾವ ಕಡೆ ಹರೀತಿತ್ತು, ಯಾವ ತೂಬಿಗೆ ಯಾರ ಗದ್ದೆ, ನೀರಗಂಟಿ ಯಾರ ಮನೆಯವರು ಅನ್ನೋದೆಲ್ಲ ಗೊತ್ತಾದರೆ ಕೆರೆಗೆ ಕೊಟ್ಟ ಕೊಡಗೆ ಭೂಮಿ ಎಲ್ಲಿತ್ತು ಅಂತ ಊಹಿಸಬಹುದು. ಅಲ್ಲಾಳಸಂದ್ರದ ಕೆರೆ ನೀರು ಜಕ್ಕೂರು ಕೆರೆಗೆ ಇಳಿಯುತ್ತೆ. ಎರಡೂ ಊರಲ್ಲಿ ಕೇಳಿ, ಉತ್ತರ ತಾಳೆ ಹಾಕಿ.

ಕೇಳುವ ರೀತಿ ಮುಖ್ಯ. "ಇಲ್ಲಿ ಶಾಸನ ಇದೆಯಾ?" ಅಂದರೆ "ಇಲ್ಲ ಸ್ವಾಮಿ" ಅಂತಾರೆ, ಯಾಕಂದ್ರೆ ಅವರಿಗೆ ಅದು ಶಾಸನವೇ ಅಲ್ಲ. "ಅಜ್ಜಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡ್ತಿದ್ದ ಕಲ್ಲು ಯಾವುದು? ಅಕ್ಷರ ಇದ್ದ ಚಪ್ಪಡಿ ಮೇಲೆ ಬಟ್ಟೆ ಒಗೀತಿದ್ರಾ?" ಅಂತ ಕೇಳಿ. ನಮ್ಮವರು ಊರ ಗೌಡರನ್ನು ಮಾತಾಡಿಸಿ ಎದ್ದುಬರ್ತಾರೆ, ಒಳಗಿರುವ ಹೆಂಗಸರನ್ನು ಬಿಟ್ಟೇಬಿಡ್ತಾರೆ. ಇದು ದೊಡ್ಡ ನಷ್ಟ. ಸೊಸೆಯಾಗಿ ಬಂದವರಿಗೆ ಎರಡು ಊರಿನ ಕಲ್ಲು ಗೊತ್ತು: ತವರಿನದು, ಇಲ್ಲಿಯದು. ನಿಧಿಯ ಸುದ್ದಿ ಮಾತ್ರ ನೀವಾಗಿ ಎತ್ತಬೇಡಿ. ನಿಧಿ ಆಸೆಗೆ ಒಡೆದ ಕಲ್ಲುಗಳು ಸಾಕಷ್ಟಿವೆ.

ಯಾರ ಹೊಲ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಬೆಂಗಳೂರಿನ ಸುತ್ತ ಜಮೀನಿನ ಮಾತೆತ್ತಿದರೆ ಜನ ಹೆದರ್ತಾರೆ, ಅರ್ಧ ಊರಿಗೆ ಕೋರ್ಟು ಕೇಸಿದೆ. ಯಾಕೆ ಕೇಳ್ತಿದೀವಿ ಅಂತ ಮೊದಲೇ ಹೇಳಿ, ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ಅವರು ಹೇಳಿದ ಹೆಸರನ್ನು ಹಳೆ ಪಹಣಿ, ಗ್ರಾಮ ನಕಾಶೆ ಜೊತೆ ಹೋಲಿಸಿದರೆ ಸರ್ವೆ ನಂಬರ್ ಸಿಗುತ್ತೆ, ಅದರಿಂದ ಕಲ್ಲಿದ್ದ ಜಾಗ. ಹೊರಗೆ ಪ್ರಕಟಿಸುವಾಗ ಮಾಲೀಕರ ಹೆಸರು ಬೇಡ.

ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು, ಗಂಗ ಶ್ರೀಪುರುಷನ ಕಾಲ. ಅದೀಗ ಮಂಟಪದಲ್ಲಿದೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿದ್ದಾರೆ. ಅಕ್ಷರ ಉಳಿಸೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಸ್ಕ್ಯಾನರ್ ಹಿಡಿದು ಹೋಗೋಕೆ ಕಲ್ಲೆಲ್ಲಿದೆ ಅಂತ ಯಾರಾದರೂ ಹೇಳಬೇಕಲ್ಲ.

ಸಲಕರಣೆಗೆ ಮೊಬೈಲ್ ಸಾಕು. ಫ್ಯಾನ್, ಟಿವಿ ಆರಿಸಿ. ಶುರುವಿಗೆ ದಿನಾಂಕ, ಊರು, ಮಾತಾಡುವವರ ಹೆಸರು, ವಯಸ್ಸು ಹೇಳಿ. ವಯಸ್ಸು ಗೊತ್ತಿಲ್ಲ ಅಂದರೆ "ಜಿಕೆವಿಕೆ ಬಂದಾಗ ನಿಮಗೆ ಮದುವೆ ಆಗಿತ್ತಾ?" ಅಂತ ಕೇಳಿ ಲೆಕ್ಕ ಹಾಕಿ. ಆಗುವುದಾದರೆ ಅವರನ್ನು ಜಾಗಕ್ಕೇ ಕರ್ಕೊಂಡು ಹೋಗಿ. ಕೂತಾಗ ಮರೆತಿದ್ದು ಏರಿ ಮೇಲೆ ನಿಂತಾಗ ನೆನಪಾಗುತ್ತೆ. ಮೂಲ ಕಡತವನ್ನು ಕತ್ತರಿಸಬೇಡಿ, ಅವರ ನುಡಿಯನ್ನು ಗ್ರಾಂಥಿಕಕ್ಕೆ ತಿದ್ದಬೇಡಿ, 'ಮೂಡ್ಲು' ಅಂದಿದ್ದರೆ 'ಮೂಡ್ಲು' ಅಂತಲೇ ಬರೀರಿ. ಒಂದು ಪ್ರತಿ ಅವರ ಮನೆಯವರಿಗೆ ಕೊಟ್ಟು ಬನ್ನಿ.