ಕಾದಂಬರಿಯ ಕಟ್ಟಡಕ್ಕೆ ಗಣಕಯಂತ್ರದ ನೆರವು

ಕಾದಂಬರಿ ಬರೆಯ ಹೊರಟವರಿಗೆ ಕಥೆ ಹೊಳೆಯದಿರುವುದಕ್ಕಿಂತ, ಹೊಳೆದ ಕಥೆ ಕೈಮೀರಿ ಹರಡಿಕೊಳ್ಳುವುದೇ ಹೆಚ್ಚಿನ ತೊಡಕು. ಇನ್ನೂರು ಪುಟ ದಾಟುವ ಹೊತ್ತಿಗೆ ಸೋದರತ್ತೆಯ ಹೆಸರು ಬದಲಾಗಿರುತ್ತದೆ. ಮೂರನೆಯ ಅಧ್ಯಾಯದಲ್ಲಿ ತೀರಿಕೊಂಡ ಮುದುಕ ಹನ್ನೆರಡನೆಯದರಲ್ಲಿ ಪಂಚಾಯಿತಿಗೆ ಬಂದು ಕುಳಿತಿರುತ್ತಾನೆ. ಇಂಥ ತೊಡಕನ್ನು ಬಿಡಿಸಲು ಈಗ ಗಣಕಯಂತ್ರದ ತಂತ್ರಾಂಶಗಳು ಒದಗಿವೆ.

ಇವುಗಳ ತತ್ತ್ವ ನಮ್ಮ ಸೀಮೆಗೆ ಹೊಸದೇನಲ್ಲ. ಹನೂರಿನ ಆಚೆಯ ಬೆಟ್ಟದಲ್ಲಿ ನೆಲೆಸಿದ ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆ ಹಿಡಿದ ದೇವರಗುಡ್ಡರು ‘ಸಾಲು’ಗಳಾಗಿ ವಿಂಗಡಿಸಿ ಹಾಡುತ್ತಾರೆ. ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು: ಒಂದೊಂದೂ ತಾನೇ ಒಂದು ಕಥೆ, ಆದರೂ ಇಡಿಯ ಕಾವ್ಯದಲ್ಲಿ ಅದಕ್ಕೊಂದು ಎಡೆಯುಂಟು. 2007ರಲ್ಲಿ ಹೊರಬಂದ ಸ್ಕ್ರಿವನರ್ ಎಂಬ ತಂತ್ರಾಂಶವೂ ಬರವಣಿಗೆಯನ್ನು ಹೀಗೆಯೇ ಬಿಡಿಬಿಡಿಯಾಗಿ ಇರಿಸುತ್ತದೆ. ಪ್ರತಿ ಸನ್ನಿವೇಶಕ್ಕೂ ಪರದೆಯ ಮೇಲೆ ಒಂದು ಚೀಟಿ. ಅದರಲ್ಲಿ ಎರಡು ಸಾಲಿನ ಸಾರಾಂಶ. ಚೀಟಿಯನ್ನು ಹಿಂದುಮುಂದು ಮಾಡಿದರೆ ಅದರ ಪುಟಗಳೂ ಜೊತೆಗೇ ಸರಿಯುತ್ತವೆ.

ಹಣ ಕೊಟ್ಟು ಇದನ್ನು ಕೊಳ್ಳಲೇಬೇಕೆಂದಿಲ್ಲ. ಲೆಕ್ಕಪತ್ರಕ್ಕೆ ಬಳಸುವ ಎಕ್ಸೆಲ್‌ನಂಥ ಕೋಷ್ಟಕವೂ ಸಾಕು. ವರ್ಷ, ಸ್ಥಳ, ಪಾತ್ರ, ವಯಸ್ಸು, ನಡೆದ ಸಂಗತಿ ಎಂದು ಐದು ಅಂಕಣ ಹಾಕಿಕೊಳ್ಳಿ. 1932ರಲ್ಲಿ ಯಳಂದೂರಿನಲ್ಲಿ ಹುಟ್ಟಿದ ನಿಮ್ಮ ಕಥಾನಾಯಕಿ 1950ರಲ್ಲಿ ಕೊಳ್ಳೇಗಾಲದ ಮನೆಗೆ ಸೊಸೆಯಾಗಿ ಬಂದಳೆನ್ನೋಣ. ತವರು ಮೈಸೂರು ರಾಜ್ಯದ್ದು; ಗಂಡನ ಮನೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದು. ಅವಳ ಮಾವ ಜಿಲ್ಲಾ ಕಲೆಕ್ಟರ ಕಚೇರಿಗೆ ಹೊರಟರೆ ಕೊಯಮತ್ತೂರಿಗೇ ಹೋಗಬೇಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವಳ ಗಂಡ ಹೋಗುವುದು ಮೈಸೂರಿಗೆ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಬಳಿಕ ಮೊಮ್ಮಗನ ದಾರಿ ಅತ್ತ ತಿರುಗುತ್ತದೆ. ಆಗ ಅಜ್ಜಿಗೆ 65 ವರ್ಷ. ಕಥೆಯನ್ನು ನೀವು ನಡುವಿನಿಂದಲೇ ಹೇಳತೊಡಗಿದರೂ, ಕೋಷ್ಟಕವನ್ನು ಕಾಲಕ್ರಮದಲ್ಲಿ ಒಮ್ಮೆ ಜೋಡಿಸಿ ನೋಡಿದರೆ ತಪ್ಪಿದ ವಯಸ್ಸು, ತಪ್ಪಿದ ಊರು ಥಟ್ಟನೆ ಕಣ್ಣಿಗೆ ಬೀಳುತ್ತವೆ.

ಒಂದು ಎಚ್ಚರಿಕೆ. ಹಳೆಯ ‘ನುಡಿ’, ‘ಬರಹ’ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಅಧ್ಯಾಯಗಳಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಹೊಸ ತಂತ್ರಾಂಶದಲ್ಲಿ ಅವು ಅರ್ಥವಿಲ್ಲದ ಗೀಟುಗಳಾಗಿ ತೋರಬಹುದು. ಪಾತ್ರದ ಹೆಸರನ್ನು ಹುಡುಕಿದರೂ ಸಿಗದು.

ಇಷ್ಟಾದರೂ, ಯಂತ್ರವು ನಾವು ಕೊಟ್ಟದ್ದನ್ನು ಮಾತ್ರ ಜೋಡಿಸೀತು. ನೆರೆಯೂರುಗಳಾದ ಯಳಂದೂರು, ಕೊಳ್ಳೇಗಾಲಗಳ ನಡುವೆ ಒಂದು ಕಾಲಕ್ಕೆ ರಾಜ್ಯದ ಗಡಿಯಿತ್ತೆಂಬುದನ್ನು ನಾವು ಬರೆದಿಡದ ಹೊರತು ಕೋಷ್ಟಕ ಎತ್ತಿ ಹೇಳುವುದಿಲ್ಲ. ಆ ಗಡಿ ದಾಟಿ ಸೊಸೆಯರಾಗಿ ಬಂದವರು ಈಗ ತೊಂಬತ್ತರ ಆಸುಪಾಸಿನವರು. ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಸುತ್ತಿದ್ದರು, ತವರಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಮಕ್ಕಳನ್ನು ಯಾವ ಶಾಲೆಗೆ ಕಳುಹಿಸಿದರು ಎಂಬುದು ಅವರ ನೆನಪಿನಲ್ಲಿದೆ. ತಂತ್ರಾಂಶವನ್ನು ಮುಂದಿನ ವರ್ಷವೂ ಕಲಿಯಬಹುದು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಮೊದಲು ಅವರನ್ನು ಕೇಳಿ ಬರೆದುಕೊಳ್ಳಿ. ಕೋಷ್ಟಕದ ಮೊದಲ ಸಾಲುಗಳು ಅವರ ಮಾತೇ ಆಗಿರಲಿ.