ಎಂಬತ್ತು ರೂಪಾಯಿಯ ಕೈಗಡ

ಊರು ಬಿಟ್ಟು ಬಂದ ಸಂಸಾರಕ್ಕೆ ಕಷ್ಟ ಒದಗಿದಾಗ ಅದರ ಭಾರವೆಲ್ಲ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ಧಾರವಾಡದಲ್ಲೋ ವಿಜಯಪುರದಲ್ಲೋ ಇದ್ದಿದ್ದರೆ ಅಣ್ಣನ ಮನೆ, ಅಕ್ಕನ ಮನೆ, ಹೊಲದಿಂದ ಬರುವ ನಾಲ್ಕು ಸೇರು ಜೋಳ ಎಂಬ ಆಸರೆಯಾದರೂ ಇರುತ್ತಿತ್ತು. ಪುಣೆಯಲ್ಲಿ ಹಾಗಲ್ಲ. ತಿಂಗಳು ಹುಟ್ಟಿದರೆ ಮನೆಯ ಬಾಡಿಗೆ ಕೊಡಬೇಕು, ಮಕ್ಕಳ ಶಾಲೆಯ ಫೀ ಕಟ್ಟಬೇಕು. ಗಂಡ ತೀರಿಕೊಂಡರೆ, ಹಾಸಿಗೆ ಹಿಡಿದರೆ ಅಥವಾ ಕುಡಿತಕ್ಕೆ ಬಿದ್ದರೆ ಆಕೆ ಏನು ಮಾಡಬೇಕು? ಓದು ಸಾಲದು, ಚಿಕ್ಕ ಮಕ್ಕಳನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ, ರೊಟ್ಟಿ, ಹೊಲಿಗೆ ಇವುಗಳ ಹದ ಮಾತ್ರ ಆಕೆಯ ಕೈಯಲ್ಲಿದೆ. ಈ ಹದವನ್ನೇ ಉಪಜೀವನದ ಸಾಧನವನ್ನಾಗಿ ಮಾಡಿಕೊಡಬಹುದೇ ಎಂಬ ಪ್ರಶ್ನೆಯನ್ನು ನಾವಿರುವ ಈ ಪುಣೆ ನಗರವು ನೂರಮೂವತ್ತು ವರ್ಷಗಳಿಗೂ ಹಿಂದೆಯೇ ಎತ್ತಿಕೊಂಡಿತ್ತು.

ಅದನ್ನು ಮೊದಲು ಎತ್ತಿಕೊಂಡವರಲ್ಲಿ ಒಬ್ಬಾಕೆ ನಮ್ಮ ನಾಡಿನಲ್ಲಿಯೇ ಹುಟ್ಟಿದವಳೆಂಬುದು ನಮ್ಮ ಅನೇಕ ವಾಚಕರಿಗೆ ತಿಳಿದಿರಲಾರದು. ಪಂಡಿತಾ ರಮಾಬಾಯಿಯವರು 1858ರಲ್ಲಿ ಜನಿಸಿದ್ದು ಈಗಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆತ್ತವರನ್ನು ಬರಗಾಲದಲ್ಲಿ ಕಳೆದುಕೊಂಡ ಈ ವಿದುಷಿ, ಮುಂದೆ ತಾವೂ ವಿಧವೆಯಾದರು. 1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನ ಮರುವರ್ಷವೇ ಪುಣೆಗೆ ಬಂದಿತು. ಮತಾಂತರದ ವಿಷಯದಲ್ಲಿ ದೊಡ್ಡ ವಿವಾದವೆದ್ದು 1893ರಲ್ಲಿ ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡು ಹೋದದ್ದೂ ನಿಜ. ಆದರೆ ಮುಂದಿನ ಕ್ಷಾಮದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಕೇಡಗಾಂವದ ಮುಕ್ತಿ ಸದನದಲ್ಲಿ ನೇಯ್ಗೆ, ಹೊಲಿಗೆ, ಹೈನು, ಎಣ್ಣೆಯ ಗಾಣ, ಮುದ್ರಣ ಮೊದಲಾದ ಕೆಲಸಗಳನ್ನು ಅವರು ಕಲಿಸಿದರು. ಅನ್ನ ಹಾಕಿದರೆ ಸಾಲದು, ಕಸುಬನ್ನೂ ಕೊಡಬೇಕು ಎಂಬುದನ್ನು ಆಕೆ ಮಾಡಿ ತೋರಿಸಿದರು. ಶಾರದಾ ಸದನದಲ್ಲಿ ಓದಿದ ಗೋದೂಬಾಯಿಯವರನ್ನು 1893ರಲ್ಲಿ ಮದುವೆಯಾದ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿಯೇ ಸಂಸ್ಥೆ ಕಟ್ಟಿದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

1909ರಲ್ಲಿ ಸ್ಥಾಪನೆಯಾದ ಪುಣೆಯ ಸೇವಾ ಸದನ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ರಾನಡೆಯವರೂ ಗೋಪಾಳ ಕೃಷ್ಣ ದೇವಧರರೂ ಕೂಡಿ ನಡೆಸಿದ ಈ ಸಂಸ್ಥೆಯಲ್ಲಿ ಸಂಸಾರಸ್ಥ ಹೆಂಗಸರು ಓದು ಬರಹ, ಹೊಲಿಗೆ, ಕೈಗೆಲಸ ಕಲಿತರು. ದಾದಿಯರ ಶಿಕ್ಷಣ ಪಡೆದವರು ಸಸೂನ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ಮರ್ಯಾದಸ್ಥರ ಮನೆಯ ವಿಧವೆ ರೋಗಿಗಳ ಸೇವೆಗೆ ಹೋಗುವುದೇ ಎಂದು ಜನ ಮೂಗುಮುರಿಯುತ್ತಿದ್ದ ಕಾಲ ಅದು.

ಈ ದೇವಧರರು ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು. ಅದೇ ಸಮಾಜದ ಇನ್ನೊಬ್ಬ ಸದಸ್ಯರು ಐವತ್ತು ವರ್ಷಗಳ ಬಳಿಕ ಮುಂಬಯಿಯಲ್ಲಿ ಮಾಡಿದ ಒಂದು ಸಣ್ಣ ಸಹಾಯದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಗಿರಗಾಂವದ ಲೋಹಾಣಾ ನಿವಾಸದಲ್ಲಿ ವಾಸವಾಗಿದ್ದ ಏಳು ಮಂದಿ ಗುಜರಾತಿ ಗೃಹಿಣಿಯರಿಗೆ ಅಡಿಗೆಯ ಹೊರತು ಬೇರೆ ವಿದ್ಯೆ ತಿಳಿಯದು. ಛಗನ್‌ಲಾಲ್ ಕರಮಸಿ ಪಾರೇಖರು, ಜನ ಪ್ರೀತಿಯಿಂದ ಕರೆಯುತ್ತಿದ್ದ ಛಗನ್‌ಬಾಪಾ, ಅವರಿಗೆ 80 ರೂಪಾಯಿ ಕೈಗಡ ಕೊಟ್ಟರು. 1959ನೇ ಮಾರ್ಚ್ 15ರಂದು ಕಟ್ಟಡದ ಮಾಳಿಗೆಯ ಮೇಲೆ ಕುಳಿತು ಅವರು ಲಟ್ಟಿಸಿದ್ದು ನಾಲ್ಕು ಪೊಟ್ಟಣ ಹಪ್ಪಳ. ನಷ್ಟವಾದರೂ ಸರಿ, ಯಾರಲ್ಲಿಯೂ ದಾನ ಬೇಡಬಾರದು ಎಂಬುದು ಅಂದೇ ಮಾಡಿಕೊಂಡ ನಿಯಮ. ಮೂರು ತಿಂಗಳಲ್ಲಿ ಸುಮಾರು 25 ಮಂದಿ ಕೂಡಿದರು. ಮೊದಲ ವರ್ಷದ ಮಾರಾಟ 6,196 ರೂಪಾಯಿ.

ಕಷ್ಟಗಳೂ ಬಂದವು. ಮಳೆಗಾಲದಲ್ಲಿ ಹಪ್ಪಳ ಒಣಗದೆ ಆ ವರ್ಷ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚವನ್ನೂ ಒಂದು ಸ್ಟೋವನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೋವ್ ಹಚ್ಚಿಟ್ಟರು. ಮಳೆಯಲ್ಲಿಯೂ ಹಪ್ಪಳ ಒಣಗಿತು! ಮೊದಮೊದಲು ಉತ್ತಮವೊಂದು, ಅಗ್ಗದ್ದೊಂದು ಎಂದು ಎರಡು ಬಗೆ ಮಾಡುತ್ತಿದ್ದರು. ಒಂದೇ ಹದದ ಹಪ್ಪಳ ಮಾಡಿರಿ, ಗುಣಕ್ಕೆ ಎಂದೂ ಕುಂದು ತರಬೇಡಿರಿ, ಲೆಕ್ಕ ಚೊಕ್ಕವಾಗಿಡಿರಿ ಎಂದು ಬುದ್ಧಿ ಹೇಳಿದವರು ಛಗನ್‌ಬಾಪಾ. ಆ ಸಂಸ್ಥೆಯೇ ಇಂದಿನ ಲಿಜ್ಜತ್. 1966ರಲ್ಲಿ ನೋಂದಣಿಯಾಗಿ, ಖಾದಿ ಗ್ರಾಮೋದ್ಯೋಗ ಆಯೋಗದ ಮನ್ನಣೆಯನ್ನೂ ಪಡೆದ ಅದರಲ್ಲಿ ಈಗ 45,000ಕ್ಕೂ ಮಿಕ್ಕಿ ಹೆಂಗಸರಿದ್ದಾರೆ.

ಸರಕಾರಿ ಕಚೇರಿಯಲ್ಲಿ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಮಗೆ ಇದರಲ್ಲಿ ಬಹಳ ಹಿಡಿಸಿದ್ದು ಅದರ ಏರ್ಪಾಡು. ಬೆಳಿಗ್ಗೆ ಶಾಖೆಯಲ್ಲಿ ನಾದಿದ ಹಿಟ್ಟನ್ನು ತೂಗಿ ಕೊಡುತ್ತಾರೆ. ಆಕೆ ಅದನ್ನು ಮನೆಗೆ ಒಯ್ದು, ಮನೆಗೆಲಸದ ನಡುವೆ ಲಟ್ಟಿಸಿ ಒಣಗಿಸಿ, ಮರುದಿನ ಹಪ್ಪಳ ತಂದೊಪ್ಪಿಸಿ ಕೂಲಿ ಪಡೆಯುತ್ತಾಳೆ. ಉದ್ದನ್ನು ಕೊಳ್ಳುವ ಬಂಡವಾಳ ಆಕೆಯದಲ್ಲ. ಗಿರಾಕಿಯನ್ನು ಹುಡುಕಿ ಅಲೆಯುವ ತಾಪತ್ರಯವೂ ಇಲ್ಲ. ಆದರೆ ಲಾಭನಷ್ಟದಲ್ಲಿ ಆಕೆಗೂ ಪಾಲಿದೆ. ಕೆಲಸಗಾರಳೆನ್ನದೆ "ಬೆಹನ್" ಎಂದೇ ಆಕೆಯನ್ನು ಕರೆಯುತ್ತಾರೆ.

ಸಾಲದ ಕಡೆಯಿಂದ ಇದೇ ಕೆಲಸ ಮಾಡಿದವರು ಪ್ರೇಮಾ ಪುರವರು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಮನೆಯಲ್ಲಿಯೇ ಖಾನಾವಳಿ ನಡೆಸುತ್ತಿದ್ದ ಹೆಂಗಸರು ದಿನಸಿಯನ್ನು ಉದರಿ ತಂದು, ಅಂಗಡಿಕಾರನ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಅವರ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ ಬ್ಯಾಂಕಿನ ಸಾಲ ಕೊಡಿಸಿದರು. ಅವರ ಮಗಳು ಮೇಧಾ ಪುರವ ಸಾಮಂತರು ಬ್ಯಾಂಕಿನ ನೌಕರಿ ಬಿಟ್ಟು, 1993ರಲ್ಲಿ ಪುಣೆಯ ಬಡ ಹೆಂಗಸರಿಗೆ ಸಣ್ಣ ಸಾಲ ಕೊಡುವ ಕೆಲಸ ಆರಂಭಿಸಿದರು. ಸಾಲದ ಜತೆಗೆ ಉಳಿತಾಯ, ವಿಮೆ, ದುಡಿಯುವ ತಾಯಂದಿರ ಮಕ್ಕಳಿಗೆ ಪಾಲನಾಗೃಹ ಇವೂ ಬಂದವು.

ಇನ್ನು ನಮ್ಮ ನಿಮ್ಮ ಮಾತು. ಬಡ ಹೆಣ್ಣುಮಗಳಿಗೊಂದು ಹೊಲಿಗೆಯ ಯಂತ್ರ ಕೊಡುವುದು ಇಂದು ಎಲ್ಲ ಕಡೆ ನಡೆಯುವ ದಾನ. ಸಭೆ ಕೂಡುತ್ತದೆ, ಹಾರ ತುರಾಯಿ ಆಗುತ್ತದೆ, ಛಾಯಾಚಿತ್ರ ತೆಗೆಯುತ್ತಾರೆ. ಆ ಮೇಲೆ? ಬಟ್ಟೆ ಕೊಡುವವರಿಲ್ಲ, ಹೊಲಿದದ್ದನ್ನು ಕೊಳ್ಳುವವರಿಲ್ಲ, ಸೂಜಿ ಮುರಿದರೆ ಕೇಳುವವರಿಲ್ಲ. ಯಂತ್ರ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಗಿರಾಕಿಯಿಲ್ಲದ ಯಂತ್ರ ಕೋಣೆಯ ಜಾಗ ತಿನ್ನುತ್ತದೆ, ಕಷ್ಟ ಹೆಚ್ಚಾದ ದಿನ ಅರ್ಧ ಬೆಲೆಗೆ ಮಾರಿ ಹೋಗುತ್ತದೆ. ದುಡಿದ ಹಣ ಆಕೆಯ ಕೈಯಲ್ಲಿ ಉಳಿಯುತ್ತದೆಯೇ ಎಂಬುದನ್ನಂತೂ ಯಾರೂ ವಿಚಾರಿಸುವುದಿಲ್ಲ. ಎಂಬತ್ತು ರೂಪಾಯಿಗಿಂತ, ಅದರ ಹಿಂದೆ ನಿಂತು ಗುಣವನ್ನೂ ಲೆಕ್ಕವನ್ನೂ ವಿಚಾರಿಸುತ್ತಿದ್ದ ಆ ಹಿರಿಯರ ಬೆಲೆ ದೊಡ್ಡದು.

ಸಂಘಗಳಂಥ ನಮ್ಮ ಕೂಟಗಳು ಈ ಕೆಲಸವನ್ನು ಸುಲಭವಾಗಿ ಮಾಡಬಲ್ಲವು. ಮದುವೆ, ಮುಂಜಿ, ಸೀಮಂತ, ರಾಜ್ಯೋತ್ಸವ ಎಂದು ನಮ್ಮಲ್ಲಿ ಊಟಕ್ಕೇನು ಕಡಿಮೆಯೇ? ಹೋಳಿಗೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿಗೆ ನಾವು ಪೇಟೆ ಸುತ್ತುತ್ತೇವೆ. ಅದನ್ನು ಚೆನ್ನಾಗಿ ಮಾಡಬಲ್ಲ ಸೋದರಿ ಎರಡು ಗಲ್ಲಿಯಾಚೆಗೆ ಇರಬಹುದು. ಆಕೆಗೆ ಮುಂಗಡ ಕೊಟ್ಟು ಕೆಲಸ ಹೇಳೋಣ. ಉಳಿದ ಹಣವನ್ನು ಅಂದೇ ಕೊಟ್ಟುಬಿಡೋಣ. "ನಮ್ಮವಳೇ ಅಲ್ಲವೇ" ಎಂದು ಚೌಕಾಸಿ ಮಾಡುವುದನ್ನು ಬಿಡೋಣ. ಅಂಗಡಿಯಲ್ಲಿ ಬರೆದ ಬೆಲೆ ಕೊಡುವ ನಾವು ಆಕೆಯ ಮುಂದೆ ಮಾತ್ರ ಐದು ಹತ್ತಕ್ಕೆ ಹಟ ಹಿಡಿಯುವುದು ನ್ಯಾಯವಲ್ಲ.

ಹಣಕ್ಕಿಂತ ತಿಳಿವಳಿಕೆ ಹೆಚ್ಚಾಗಿ ಬೇಕಾದ ಕೆಲಸಗಳೂ ಉಂಟು. ಆಕೆಯ ಹೆಸರಿನಲ್ಲಿಯೇ ಬ್ಯಾಂಕಿನ ಖಾತೆ ತೆರೆಯಿಸುವುದು, ತಿಂಡಿ ತಿನಿಸು ಮಾರುವುದಾದರೆ ಆಹಾರ ಸುರಕ್ಷತೆಯ ಕಾನೂನಿನಂತೆ ನೋಂದಣಿ ಮಾಡಿಸುವುದು, ಉದ್ದಿಗೆ, ಎಣ್ಣೆಗೆ, ಗ್ಯಾಸಿಗೆ ತಗಲುವ ಖರ್ಚನ್ನೂ ಆಕೆಯ ಕೂಲಿಯನ್ನೂ ಕೂಡಿಸಿ ಬೆಲೆ ಕಟ್ಟುವುದನ್ನು ಕಲಿಸುವುದು. ತನ್ನ ಕೂಲಿಯನ್ನು ಲೆಕ್ಕಕ್ಕೇ ಹಿಡಿಯದೆ ಮಾರುವ ಹೆಂಗಸರೇ ಹೆಚ್ಚು. ನಮ್ಮಲ್ಲಿ ಕಚೇರಿಯ ಗುಮಾಸ್ತರಿಗೂ ಬ್ಯಾಂಕಿನ ನೌಕರರಿಗೂ ಬರವಿಲ್ಲ; ಭಾನುವಾರದ ಒಂದು ಗಂಟೆ ಕೊಟ್ಟರೆ ಸಾಕು, ಇದಾಗುವ ಕೆಲಸ.

ಮುಖ್ಯವಾಗಿ ಒಂದು ವರ್ಷವಾದರೂ ಕೈ ಬಿಡಬಾರದು. ಮೊದಲ ಮಳೆಗಾಲವನ್ನು ದಾಟಿಸಬೇಕು. ಮುಂದಿನ ಹಬ್ಬಕ್ಕೆ ಹೋಳಿಗೆಯೋ ಚಟ್ನಿಪುಡಿಯೋ ಬೇಕಾದಾಗ, ನಮ್ಮ ಓಣಿಯಲ್ಲಿ ಇದನ್ನು ಮಾಡಿ ಬದುಕಬೇಕಾದವರು ಯಾರಿದ್ದಾರೆ ಎಂದು ಮನೆಮನೆಯಲ್ಲಿಯೂ ಒಮ್ಮೆ ವಿಚಾರಿಸಿ ನೋಡಬೇಕೆಂದು ನಮ್ಮ ವಿನಂತಿ.